ನೀರು ಬಂತು, ತೀರ್ಮಾನದ ಹಕ್ಕು ಬರಲಿಲ್ಲ

ಸ್ವಾತಂತ್ರ್ಯದ ನಂತರ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಗೆ ಸಿಕ್ಕಷ್ಟು ರಾಜಕೀಯ ಗಮನ ಕರ್ನಾಟಕದ ಬಹಳಷ್ಟು ಸೀಮೆಗಳಿಗೆ ಸಿಕ್ಕಿಲ್ಲ. ಒಬ್ಬ ಪ್ರಧಾನಿಯನ್ನು ಕೊಟ್ಟ ನೆಲ ಇದು. ಹೇಮಾವತಿಗೆ ಅಣೆಕಟ್ಟು ಬಂತು, ನಾಲೆಗಳು ಬಂದವು. ರೈಲು, ರಸ್ತೆ, ವೈದ್ಯಕೀಯ ಕಾಲೇಜು, ಕೃಷಿ ಕಾಲೇಜು, ಪಶುವೈದ್ಯ ಕಾಲೇಜು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಲ್ಲವೂ ಬಂದವು. ಆದರೂ ಹಳ್ಳಿಯ ಹುಡುಗ ಪಿಯುಸಿ ಮುಗಿಸಿದ ಕೂಡಲೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆಲೂಗಡ್ಡೆ ಹಾಕುತ್ತಿದ್ದ ಹೊಲದಲ್ಲಿ ಮುಸುಕಿನ ಜೋಳ ನಿಂತಿದೆ. ನಾಲೆಯ ಕೊನೆಯ ರೈತ ಬೋರ್‌ವೆಲ್ ಕೊರೆಸಲು ಸಾಲ ಮಾಡುತ್ತಾನೆ. ಇಷ್ಟೆಲ್ಲ ಬಂದ ಮೇಲೂ ಹೀಗೇಕೆ?

ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು. ಅನುದಾನ ಸಾಲಲಿಲ್ಲ ಎಂಬುದು ಒಂದು, ನಾಯಕರು ಸರಿಯಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಈ ಸೀಮೆಯ ಇನ್ನೂರು ವರ್ಷಗಳ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಕಾರಣ ಎದ್ದು ಕಾಣುತ್ತದೆ. ಇಲ್ಲಿನ ಬೆಳೆ, ನೀರು, ನೆಲ, ಬೆಲೆ ಇವುಗಳ ಬಗ್ಗೆ ತೀರ್ಮಾನ ಮಾಡುವ ಜಾಗ ಯಾವಾಗಲೂ ಇಲ್ಲಿಂದ ಹೊರಗಿತ್ತು, ಇಂದಿಗೂ ಹೊರಗೇ ಇದೆ. ಆಳುವವರು ಬದಲಾದರು, ಆ ಜಾಗ ಮಾತ್ರ ತಾಲ್ಲೂಕಿಗೆ ಇಳಿದು ಬರಲಿಲ್ಲ.

ಸಂಸ್ಥಾನದ ಬಳುವಳಿ

ಮೈಸೂರು ಸಂಸ್ಥಾನವನ್ನು ಬ್ರಿಟಿಷರು ನೇರವಾಗಿ ಆಳಲಿಲ್ಲ, ಆದ್ದರಿಂದ ನಮ್ಮದು ವಸಾಹತು ಅನುಭವವೇ ಅಲ್ಲ ಎಂಬ ಭಾವನೆ ಹಳೇ ಮೈಸೂರಿನಲ್ಲಿ ಇನ್ನೂ ಇದೆ. ಅದು ಪೂರ್ಣ ಸತ್ಯವಲ್ಲ. 1831ರಿಂದ 1881ರವರೆಗೆ ಐವತ್ತು ವರ್ಷ ಈ ಸೀಮೆಯನ್ನು ಆಳಿದವರು ಬ್ರಿಟಿಷ್ ಕಮಿಷನರುಗಳೇ. 1799ರ ಒಪ್ಪಂದದಂತೆ ಸಂಸ್ಥಾನ ಬ್ರಿಟಿಷರಿಗೆ ಪ್ರತಿವರ್ಷ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಿತ್ತು. ಮುಂದೆ ಅದು 35 ಲಕ್ಷಕ್ಕೆ ಏರಿತು. 1881ರಲ್ಲಿ ಅಧಿಕಾರ ಮತ್ತೆ ಒಡೆಯರ ಕೈಗೆ ಬಂದಾಗ ಇಡೀ ಸಂಸ್ಥಾನದ ವಾರ್ಷಿಕ ಆದಾಯ ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಅದರ ನಾಲ್ಕನೇ ಒಂದು ಭಾಗದಷ್ಟು ಹಣ ಪೊಗದಿಯಾಗಿ ಹೊರಗೆ ಹೋಗುತ್ತಿತ್ತು. ಏರಿಸಿದ್ದ 10.5 ಲಕ್ಷವನ್ನು ಬಿಟ್ಟುಕೊಡಲು ಬ್ರಿಟಿಷ್ ಸರ್ಕಾರ ಒಪ್ಪಿದ್ದು 1927ರಲ್ಲಿ. ಈ ಹಣದಲ್ಲಿ ಹಾಸನದ ರೈತ ಕಟ್ಟಿದ ಕಂದಾಯವೂ ಸೇರಿತ್ತು.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಅದೇ ಕಾಲಕ್ಕೆ ಪಶ್ಚಿಮದ ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, ಯುರೋಪಿಯನ್ ಪ್ಲಾಂಟರುಗಳ ಕಾಫಿ ತೋಟಗಳು ಬೆಳೆಯುತ್ತಿದ್ದವು. ಅಲ್ಲಿ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು ಪುಸ್ತಕವಾಗಿ ಬರೆದ, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯನೂ ಆದ. ಬಯಲಿನ ಬಡವರು ಮೇಸ್ತ್ರಿಯ ಕೈಯಲ್ಲಿ ಮುಂಗಡ ಪಡೆದು ಘಟ್ಟದ ತೋಟಗಳಿಗೆ ಕೂಲಿಗೆ ಹೋಗುವ ಪದ್ಧತಿ ಆ ಕಾಲದಲ್ಲಿ ಬೇರೂರಿತು. ಬಯಲು ಆಳು ಕೊಡುವುದು, ಘಟ್ಟ ಬೆಳೆ ಕೊಡುವುದು, ಲಾಭ ಮೂರನೆಯ ಕಡೆ ಸೇರುವುದು: ಈ ಏರ್ಪಾಟು ಅಂದಿನಿಂದ ಬಂದದ್ದು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ 'ಕಾಂತಾಪುರ' ಕಾದಂಬರಿಯಲ್ಲಿ ಹಳ್ಳಿಯ ಪಕ್ಕದಲ್ಲೇ ಪರಕೀಯನ ಕಾಫಿ ಎಸ್ಟೇಟ್ ಇರುವುದಕ್ಕೆ ಇಂಥ ಹಿನ್ನೆಲೆ ಇದೆ.

ಇನ್ನೊಂದು ಬದಿಯನ್ನೂ ಹೇಳಲೇಬೇಕು. ಸಂಸ್ಥಾನ ಕಟ್ಟಿದ್ದು ಕಡಿಮೆಯೇನಲ್ಲ. ಹೇಮಾವತಿಯ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಬಳಿ ಕಾವೇರಿಗೆ ಅಡ್ಡಲಾಗಿರುವ ಕೃಷ್ಣರಾಜ ಕಟ್ಟೆ ಮುಂತಾದ ಹಳೆಯ ಒಡ್ಡುಗಳ ನಾಲೆಗಳಲ್ಲಿ ನೀರು ಹರಿಯುತ್ತಿತ್ತು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೂಲಕ ಅರಸೀಕೆರೆಗೆ 1918ರ ಹೊತ್ತಿಗೆ ರೈಲು ಓಡಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಶಾಲೆಗಳು ಹೆಚ್ಚಿದವು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಬೇಕೆಂದಿತು. ಒಕ್ಕಲು ಮಕ್ಕಳು ಹಾಸ್ಟೆಲಿಗೆ, ಅಲ್ಲಿಂದ ಕಚೇರಿಗೆ ಹೋಗುವ ದಾರಿ ತೆರೆಯಿತು.

ಆದರೆ 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಹೇಳುವ ಅವಕಾಶವಿತ್ತು, ನಿರ್ಧರಿಸುವ ಅಧಿಕಾರವಿರಲಿಲ್ಲ. ಪ್ರಜೆ ಬಂದು ಬಿನ್ನಹ ಮಾಡಬೇಕು, ಪ್ರಭು ದಯಪಾಲಿಸಬೇಕು. ಒಳ್ಳೆಯ ಪ್ರಭು ಇದ್ದಾಗ ಕೆಲಸವಾಗುತ್ತಿತ್ತು. ಅಭಿವೃದ್ಧಿಯೆಂದರೆ ಮೇಲಿನವರು ಕೊಡುವುದು, ಕೆಳಗಿನವರು ಕೇಳಿ ಪಡೆಯುವುದು ಎಂಬ ತಿಳಿವಳಿಕೆ ಇಲ್ಲಿ ನೆಲೆಯೂರಿದ್ದು ಹಾಗೆ. ಆಫ್ರಿಕಾದಲ್ಲಿ ಸ್ಥಳೀಯ ಮುಖಂಡರ ಮೂಲಕ ಬ್ರಿಟಿಷರು ನಡೆಸಿದ ಪರೋಕ್ಷ ಆಡಳಿತವನ್ನು ಅಧ್ಯಯನ ಮಾಡಿದ ಮಹಮೂದ್ ಮಮ್ದಾನಿ, ಸ್ವಾತಂತ್ರ್ಯದ ನಂತರವೂ ಹಳ್ಳಿಯ ಜನ ಪೂರ್ಣ ನಾಗರಿಕರಾಗದೆ ಪ್ರಜೆಗಳಾಗಿಯೇ ಉಳಿದರು ಎಂದು 1996ರಲ್ಲಿ ವಾದಿಸಿದರು. ಮೈಸೂರಿನ ಕಥೆ ಅಷ್ಟು ಕಠೋರವಲ್ಲ. ಆದರೆ ಆ ಪ್ರಶ್ನೆ ನಮಗೂ ಸಲ್ಲುತ್ತದೆ.

ನೆಲದ ಪ್ರಶ್ನೆ

ಸ್ವತಂತ್ರ ಸರ್ಕಾರ ಮೊದಲು ಮುಟ್ಟಿದ್ದು ನೆಲವನ್ನು. 1954ರ ಇನಾಂ ರದ್ದತಿ ಕಾಯ್ದೆ, 1961ರ ಭೂಸುಧಾರಣಾ ಕಾಯ್ದೆ, ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಒಂದರ ಹಿಂದೊಂದು ಬಂದವು. ಕರಾವಳಿ ಮತ್ತು ಮಲೆನಾಡಿನಲ್ಲಿ ಗೇಣಿದಾರರ ಬದುಕನ್ನೇ ಬದಲಿಸಿದ ಈ ಕಾಯ್ದೆಯ ಪರಿಣಾಮ ಹಾಸನದ ಬಯಲು ತಾಲ್ಲೂಕುಗಳಲ್ಲಿ ಅಷ್ಟು ದೊಡ್ಡದಾಗಿರಲಿಲ್ಲ. ಇಲ್ಲಿ ಮೊದಲಿನಿಂದಲೂ ಸ್ವಂತ ಸಾಗುವಳಿ ಮಾಡುವ ಸಣ್ಣ ಹಿಡುವಳಿದಾರರೇ ಹೆಚ್ಚು. ದೊಡ್ಡ ಜಮೀನ್ದಾರಿ ಇಲ್ಲದ್ದು ಈ ಸೀಮೆಯ ಭಾಗ್ಯ. ಆದರೆ ಹಿಡುವಳಿಗಳು ಪಾಲಾಗುತ್ತ ಹೋದದ್ದಕ್ಕೂ ನೆಲವೇ ಇಲ್ಲದ ದಲಿತ ಕುಟುಂಬಗಳ ಸ್ಥಿತಿಗೂ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಗೇಣಿಯೇ ಇಲ್ಲದವರಿಗೆ ಗೇಣಿ ಸುಧಾರಣೆಯಿಂದ ಸಿಗುವುದೇನು?

ಅವರಿಗೆ ಉಳಿದದ್ದು ಗೋಮಾಳ, ಕಾವಲು, ಸರ್ಕಾರಿ ಬೀಳು. ದರಖಾಸ್ತು ಹಾಕಿ ಕಾಯುವುದು, ಇಲ್ಲವೇ ಬಗರ್ ಹುಕುಂ ಸಾಗುವಳಿ ಮಾಡಿ ಸಕ್ರಮಕ್ಕೆ ಅರ್ಜಿ ಕೊಡುವುದು. ನಮೂನೆ 50, ನಮೂನೆ 53, ನಮೂನೆ 57 ಎಂಬ ಅರ್ಜಿಗಳ ಹೆಸರು ಇಲ್ಲಿನ ಹಳ್ಳಿಗಳಲ್ಲಿ ಓದು ಬಾರದವರಿಗೂ ಬಾಯಿಪಾಠ. ಈ ಅರ್ಜಿಗಳನ್ನು ತೀರ್ಮಾನಿಸುವ ತಾಲ್ಲೂಕು ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರೇ. ಇದನ್ನು ಗಮನವಿಟ್ಟು ನೋಡಬೇಕು. ಕಾನೂನಿನ ಪ್ರಕಾರ ಅರ್ಹನಾದವನಿಗೆ ಸಿಗಬೇಕಾದ ಹಕ್ಕು, ಸಮಿತಿಯ ರಚನೆಯಿಂದಲೇ ಒಬ್ಬ ಜನಪ್ರತಿನಿಧಿ ಮಾಡಿಕೊಟ್ಟ ಉಪಕಾರವಾಗಿ ಕಾಣುತ್ತದೆ. ಸಾಗುವಳಿ ಚೀಟಿ ಪಡೆದವನು ಕಾಯ್ದೆಯನ್ನು ನೆನೆಯುವುದಿಲ್ಲ, ಕೊಡಿಸಿದವರನ್ನು ನೆನೆಯುತ್ತಾನೆ. ಚುನಾವಣೆ ಬಂದಾಗ ಆ ಋಣ ತೀರಿಸುತ್ತಾನೆ. ಪ್ರಜಾಪ್ರತಿನಿಧಿ ಸಭೆಯ ಬಿನ್ನಹದ ಪದ್ಧತಿ ಇಲ್ಲಿ ಮತದಾನದ ವೇಷದಲ್ಲಿ ಮುಂದುವರಿಯಿತು.

ಹೇಮಾವತಿ: ಲಾಭ ಯಾರದು, ನಷ್ಟ ಯಾರದು

ಈ ಸೀಮೆಯ ದೊಡ್ಡ ಅಧ್ಯಾಯ ಹೇಮಾವತಿಯದು. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಆದ ಕಾವೇರಿ ಒಪ್ಪಂದ, ಮೇಲಿನ ಸಂಸ್ಥಾನ ತನ್ನ ನದಿಯಲ್ಲಿ ಎಷ್ಟು ನೀರು ನಿಲ್ಲಿಸಬಹುದೆಂಬುದಕ್ಕೆ ಮಿತಿ ಹಾಕಿತು. ಬ್ರಿಟಿಷ್ ಪ್ರಾಂತ್ಯವೂ ಅದರ ಅಧೀನ ಸಂಸ್ಥಾನವೂ ಸಮಾನರಾಗಿ ಕೂತು ಮಾಡಿಕೊಂಡ ಒಪ್ಪಂದ ಅದಲ್ಲ ಎಂಬುದು ಕರ್ನಾಟಕದ ಹಳೆಯ ಅಳಲು. ಸ್ವಾತಂತ್ರ್ಯದ ನಂತರವೂ ಆ ನೆರಳು ಉಳಿಯಿತು. ಕೇಂದ್ರದ ಒಪ್ಪಿಗೆಗೆ ಕಾಯದೆ ರಾಜ್ಯ ತನ್ನದೇ ಹಣದಲ್ಲಿ ಕಬಿನಿ, ಹಾರಂಗಿ, ಹೇಮಾವತಿ ಯೋಜನೆಗಳನ್ನು ಕೈಗೆತ್ತಿಕೊಂಡಿತು. ಗೊರೂರಿನ ಬಳಿ 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು. ಜಲಾಶಯದ ಸಾಮರ್ಥ್ಯ 37.1 ಟಿಎಂಸಿ ಅಡಿ. ಯೋಜಿತ ಅಚ್ಚುಕಟ್ಟು ಆರೂವರೆ ಲಕ್ಷ ಎಕರೆ. ಅದರಲ್ಲಿ ದೊಡ್ಡ ಪಾಲು ತುಮಕೂರು ಮತ್ತು ಮಂಡ್ಯ ಜಿಲ್ಲೆಗಳದ್ದು.

ಮುಳುಗಿದ್ದು ಹಾಸನ ಜಿಲ್ಲೆಯ ಹಳ್ಳಿಗಳು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವುದನ್ನು ನೋಡಲು ಇಂದು ಪ್ರವಾಸಿಗರು ಬರುತ್ತಾರೆ. ಆ ಚರ್ಚಿನ ಸುತ್ತ ಬದುಕಿದ್ದ ಊರು ಎಲ್ಲಿ ಹೋಯಿತೆಂದು ಕೇಳುವವರು ವಿರಳ. ಮುಳುಗಡೆ ಸಂತ್ರಸ್ತರಿಗೆ ಬದಲಿ ಜಮೀನು ಕೊಡುವ ಕಡತಗಳು ದಶಕಗಳು ಕಳೆದರೂ ಕಂದಾಯ ಕಚೇರಿಗಳಲ್ಲಿ ಸುತ್ತುತ್ತಿವೆ. ಅರ್ಹರಲ್ಲದವರ ಹೆಸರಿಗೆ ಭೂಮಿ ಮಂಜೂರಾದ ದೂರುಗಳೂ ಬಂದಿವೆ.

ಎಡದಂಡೆ ನಾಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆ ಹೋಗುತ್ತದೆ. ನೆಲದೊಳಗೆ ಕಿಲೋಮೀಟರುಗಟ್ಟಲೆ ಸಾಗುವ ಈ ಸುರಂಗದ ಮೇಲಿನ ಹಳ್ಳಿಗಳವರು ಬಾವಿ, ಬೋರ್‌ವೆಲ್ ಬತ್ತಿದವು ಎಂದು ಪರಿಹಾರಕ್ಕಾಗಿ ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಕಾಲಡಿಯಲ್ಲಿ ನೀರು ಹರಿಯುತ್ತದೆ, ಮೇಲಿನ ತೋಟ ಒಣಗುತ್ತದೆ. ಅದೇ ತಾಲ್ಲೂಕಿನ ನುಗ್ಗೇಹಳ್ಳಿ, ಹಿರೀಸಾವೆ ಹೋಬಳಿಗಳು ಕೆರೆ ತುಂಬಿಸಲು ಏತ ನೀರಾವರಿ ಬೇಕೆಂದು ಕೇಳಿದ್ದು ಕೇಳುತ್ತಲೇ ಇವೆ. ಕಳೆದ ಕೆಲವು ವರ್ಷಗಳಲ್ಲಿ ತುಮಕೂರು ಜಿಲ್ಲೆಯೊಳಗೇ ಹೇಮಾವತಿ ಲಿಂಕ್ ಕೆನಾಲ್ ವಿಚಾರದಲ್ಲಿ ತಾಲ್ಲೂಕು ತಾಲ್ಲೂಕುಗಳ ನಡುವೆ ಜಗಳವೆದ್ದಿತು. ನೀರು ಕಡಿಮೆ ಎಂಬುದು ಇದಕ್ಕೆ ಅರ್ಧ ಕಾರಣ. ಹಂಚುವ ಮೇಜಿನ ಮುಂದೆ ಬಳಸುವವರಿಗೆ ಕುರ್ಚಿ ಇಲ್ಲ ಎಂಬುದು ಇನ್ನರ್ಧ.

ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ. 2007ರ ಐತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಅಡಿ ಕೊಟ್ಟಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ರಾಜ್ಯದ ಪಾಲು ನಿಗದಿಯಾಯಿತು. ಆ ಪಾಲಿನೊಳಗೆ ನಾಲೆಗೆ ಯಾವ ದಿನ ನೀರು, ಎಷ್ಟು ದಿನ ನೀರು ಎಂಬುದನ್ನು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ, ಅದರ ಮೇಲೆ ಸಚಿವರು ಮತ್ತು ಕಾವೇರಿ ನೀರಾವರಿ ನಿಗಮ. 2000ದ ತಿದ್ದುಪಡಿಯ ನಂತರ ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಟ್ಟುವ ಅವಕಾಶ ಬಂತು. ಬೋರ್ಡಿನ ಮೇಲೆ ಅನೇಕ ಸಂಘಗಳಿವೆ. ತೂಬಿನ ಕೀಲಿಯ ಮೇಲೆ ಹಿಡಿತವಿರುವ ಸಂಘಗಳು ಬಹಳ ಕಡಿಮೆ.

ನಾಲೆ ನೀರು ತಾನಾಗಿಯೇ ಸಮಾಜವನ್ನು ಬದಲಿಸುವುದಿಲ್ಲ ಎಂಬುದು ಹೊಸ ಮಾತಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಪಕ್ಕದ ಮಂಡ್ಯದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ನಾಲೆ ನೀರು ಸಿಕ್ಕ ಹಳ್ಳಿಯಲ್ಲಿ ಆದಾಯ ಹೆಚ್ಚಿತು, ಆದರೆ ಜಾತಿ, ಜೀತ, ಯಜಮಾನಿಕೆಯ ಕಟ್ಟು ಹಾಗೇ ಉಳಿಯಿತು. ನೀರು ಸಿಗದ ಹಳ್ಳಿಯವರು ಪೇಟೆಗೆ ಹೋಗಿ ವ್ಯಾಪಾರ, ನೌಕರಿ ಹಿಡಿದರು, ಅಲ್ಲಿ ಸಂಬಂಧಗಳು ಹೆಚ್ಚು ಬದಲಾದವು. ಹೇಮಾವತಿ ಅಚ್ಚುಕಟ್ಟಿನ ಅನುಭವವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಾಲ್ಕು ಬೆಳೆ, ನಾಲ್ಕು ದೂರದ ಕಚೇರಿ

ಹಾಸನ ಎಂದರೆ ಆಲೂಗಡ್ಡೆ ಎನ್ನುವ ಕಾಲವೊಂದಿತ್ತು. ಮುಂಗಾರು ಹದವಾದ ಕೂಡಲೇ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹೊಲಗಳಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಆಲೂಗಡ್ಡೆ ಬೀಳುತ್ತಿತ್ತು. ಇಂದು ಅದರ ಒಂದು ಸಣ್ಣ ಭಾಗ ಮಾತ್ರ ಉಳಿದಿದೆ. ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಲಾರಿಗಳು ಬರುತ್ತವೆ. ಗಡ್ಡೆಯ ಗುಣಮಟ್ಟ ಏನೆಂಬುದು ರೈತನಿಗೆ ತಿಳಿಯುವುದು ಹೊಲದಲ್ಲಿ ಮೊಳಕೆ ಬಂದ ಮೇಲೆ. ಜುಲೈನ ಮೋಡ, ಜಡಿಮಳೆಯಲ್ಲಿ ಅಂಗಮಾರಿ ಬಿದ್ದರೆ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುತ್ತದೆ. 1845ರಿಂದ ಐರ್ಲೆಂಡನ್ನು ಹಸಿವಿಗೆ ನೂಕಿದ್ದು ಇದೇ ರೋಗ. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಆ ನಾಡಿನಲ್ಲಿ ರೋಗಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಆಡಳಿತದ ನಿರ್ಲಕ್ಷ್ಯ ಎಂದು ಹಲವು ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಹಾಸನದಲ್ಲಿ ಜನ ಸಾಯಲಿಲ್ಲ, ಬೆಳೆ ಸತ್ತಿತು. ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರ ಕುಡಿಗಳಿಂದ ಬೇರು ಬರಿಸಿದ ಸಸಿಗಳ ಮೂಲಕ ಸ್ಥಳೀಯವಾಗಿ ಬಿತ್ತನೆ ಗಡ್ಡೆ ತಯಾರಿಸುವ ದಾರಿ ತೋರಿಸಿದೆ. ಇದು ಬಹಳ ಬೆಲೆಯುಳ್ಳ ಕೆಲಸ. ಮೂವತ್ತು ವರ್ಷ ಮೊದಲೇ ಆಗಬೇಕಿತ್ತು. ಇಷ್ಟು ದೊಡ್ಡ ಆಲೂಗಡ್ಡೆ ಸೀಮೆಗೆ ತನ್ನದೇ ಬೀಜದ ವ್ಯವಸ್ಥೆ ಇಲ್ಲದಿದ್ದದ್ದು ನಿಸರ್ಗದ ತಪ್ಪಲ್ಲ.

ಆಲೂಗಡ್ಡೆ ಬಿಟ್ಟ ರೈತರು ಮುಸುಕಿನ ಜೋಳ, ಶುಂಠಿ ಹಿಡಿದರು. ಅರಕಲಗೂಡಿನಲ್ಲಿ ಹೊಗೆಸೊಪ್ಪು ಮೊದಲಿನಿಂದಲೂ ಇತ್ತು. ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆ ಈ ಭಾಗದ ಆರ್ಥಿಕ ಹೃದಯ. ಎಷ್ಟು ಬೆಳೆಯಬೇಕೆಂಬ ಮಿತಿ ನಿಗದಿಯಾಗುವುದು ತಂಬಾಕು ಮಂಡಳಿಯಲ್ಲಿ, ಅದರ ಕೇಂದ್ರ ಕಚೇರಿ ಆಂಧ್ರದ ಗುಂಟೂರಿನಲ್ಲಿ. ಕೊಳ್ಳುವವರು ಬೆರಳೆಣಿಕೆಯ ಕಂಪನಿಗಳು. ಬ್ಯಾರನ್ನಿನಲ್ಲಿ ಎಲೆ ಹದ ಮಾಡಲು ಸುಡುವ ಸೌದೆ ಈ ಸೀಮೆಯ ಮರಗಳದ್ದು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಬೆಳೆ ಬಿಡಿ ಎಂಬ ಮಾತು ಅಂದಿನಿಂದ ಕೇಳಿಬರುತ್ತಿದೆ, ಯಾವ ಬೆಳೆಗೆ ಇಷ್ಟೇ ಖಾತರಿಯ ಮಾರುಕಟ್ಟೆ ಇದೆ ಎಂಬುದಕ್ಕೆ ಉತ್ತರ ಬಂದಿಲ್ಲ. ಆಫ್ರಿಕಾದ ಮಲಾವಿ ದೇಶ ರಫ್ತು ಆದಾಯದ ಅರ್ಧದಷ್ಟನ್ನು ಹೊಗೆಸೊಪ್ಪಿನಿಂದಲೇ ಗಳಿಸುತ್ತ ಬಂದು ಇದೇ ಇಕ್ಕಟ್ಟಿನಲ್ಲಿದೆ. ಹರಾಜುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ರಾಮನಾಥಪುರದ ರೈತನ ಮುಖದಲ್ಲಿ ಕಾಣುವ ಕಳವಳ ಮಲಾವಿಯ ರೈತನಿಗೆ ಅಪರಿಚಿತವಲ್ಲ.

ಚನ್ನರಾಯಪಟ್ಟಣ ತೆಂಗಿನ ಸೀಮೆ. ನುಸಿ ರೋಗ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಬರ ಒಂದರ ಮೇಲೊಂದು ಬಂದು ಮರಗಳ ಇಳುವರಿ ಕುಗ್ಗಿಸಿದವು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ಬೆಳೆಗಾರರು ರಾತ್ರಿಯೆಲ್ಲ ಸಾಲಿನಲ್ಲಿ ನಿಂತರು. 2025ರಲ್ಲಿ ದರ 25 ಸಾವಿರ ದಾಟಿತು, ಆದರೆ ಆಗ ಅನೇಕರ ಅಟ್ಟದಲ್ಲಿ ಕೊಬ್ಬರಿಯೇ ಇರಲಿಲ್ಲ. ಬೆಲೆ ಇದ್ದಾಗ ಬೆಳೆ ಇಲ್ಲ, ಬೆಳೆ ಇದ್ದಾಗ ಬೆಲೆ ಇಲ್ಲ. ಇದೇ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ರೈತರ ಷೇರಿನಿಂದ ಎದ್ದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಕೊನೆಗೆ ಖಾಸಗಿ ಕಂಪನಿಗೆ ಗುತ್ತಿಗೆಗೆ ಹೋಯಿತು. ಹೊಳೆನರಸೀಪುರದ ಗದ್ದೆಬಯಲಿನ ಭತ್ತಕ್ಕೂ ಕಬ್ಬಿಗೂ ದರ ಊರಿನಲ್ಲಿ ನಿಗದಿಯಾಗುವುದಿಲ್ಲ.

ಈ ನಡುವೆ ಗೆದ್ದ ಒಂದು ಕ್ಷೇತ್ರವಿದೆ: ಹಾಲು. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಆರಂಭವಾದ ಕರ್ನಾಟಕ ಹೈನು ಅಭಿವೃದ್ಧಿ ಯೋಜನೆ ಹಾಸನವನ್ನೂ ಒಳಗೊಂಡಿತ್ತು. ಇಂದು ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಿಂದ ದಿನಕ್ಕೆ ಲಕ್ಷಾಂತರ ಲೀಟರ್ ಹಾಲಿನ ವಹಿವಾಟು ನಡೆಸುವ ಮಟ್ಟಕ್ಕೆ ಬೆಳೆದಿದೆ. ಎರಡು ಹಸು ಕಟ್ಟಿದ ಮನೆಗೆ ನಿಯಮಿತವಾಗಿ ಬಟವಾಡೆ ಬರುತ್ತದೆ, ಆ ಹಣ ಹೆಚ್ಚಾಗಿ ಹೆಂಗಸರ ಕೈಯಲ್ಲಿ ಮನೆ ನಡೆಸುತ್ತದೆ. ಯಾಕೆ ಗೆದ್ದಿತು? ಸಂಗ್ರಹಣೆಯಿಂದ ಮಾರಾಟದವರೆಗಿನ ಸರಪಣಿ ಉತ್ಪಾದಕರ ಸಂಘದ ಕೈಯಲ್ಲೇ ಇದ್ದುದರಿಂದ, ಊರಿನ ಡೇರಿಯಲ್ಲಿ ಅಳತೆಯೂ ಲೆಕ್ಕವೂ ಎಲ್ಲರ ಕಣ್ಣೆದುರಿಗೆ ನಡೆಯುವುದರಿಂದ. ಸಹಕಾರದಲ್ಲೂ ರಾಜಕೀಯ ಹೊಕ್ಕಿದೆ, ಅದು ಬೇರೆ ಮಾತು. ಆದರೆ ತೀರ್ಮಾನ ಹತ್ತಿರವಿದ್ದಾಗ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಾಯಕನೆಂಬ ಸೇತುವೆ

1933ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ, ಸಹಕಾರ ಸಂಘದಿಂದ ಸಾರ್ವಜನಿಕ ಬದುಕಿಗೆ ಬಂದು, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾದರು. 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ರಂದು ಪ್ರಧಾನಿ. ಅರ್ಧಕ್ಕೆ ನಿಂತ ನೀರಾವರಿ ಕಾಮಗಾರಿಗಳಿಗೆ ಕೇಂದ್ರದ ನೆರವು ನೀಡುವ ತ್ವರಿತ ನೀರಾವರಿ ಲಾಭ ಯೋಜನೆ ಆರಂಭವಾದದ್ದು 1996–97ರಲ್ಲಿ. ಒಕ್ಕಲು ಮಗನೊಬ್ಬ ಕೆಂಪುಕೋಟೆಯ ಮೇಲೆ ನಿಂತದ್ದು ಈ ಸೀಮೆಯ ಜನರಲ್ಲಿ ತುಂಬಿದ ಆತ್ಮವಿಶ್ವಾಸವನ್ನು ಯಾವ ಅಂಕಿಅಂಶದಿಂದಲೂ ಅಳೆಯಲಾಗದು. ಹಾಸನದ ರಸ್ತೆ, ಕಾಲೇಜು, ಆಸ್ಪತ್ರೆಗಳಲ್ಲಿ ಅವರ ಮತ್ತು ಅವರ ಮಗ ಎಚ್.ಡಿ. ರೇವಣ್ಣ ಅವರ ಪಾತ್ರವನ್ನು ವಿರೋಧಿಗಳೂ ಅಲ್ಲಗಳೆಯುವುದಿಲ್ಲ.

ಹಳ್ಳಿಗೂ ವಿಧಾನಸೌಧಕ್ಕೂ ನಡುವೆ ದಾರಿಯೇ ಇಲ್ಲದಿದ್ದಾಗ ಬಲಿಷ್ಠ ನಾಯಕ ಸೇತುವೆಯಾಗುತ್ತಾನೆ. ತೊಂದರೆ ಬರುವುದು ಆ ಸೇತುವೆಯೊಂದೇ ಶಾಶ್ವತ ದಾರಿಯಾದಾಗ. ಆಗ ವರ್ಗಾವಣೆ, ಗುತ್ತಿಗೆ, ನೌಕರಿ, ಸಹಕಾರ ಸಂಘದ ಚುನಾವಣೆ ಎಲ್ಲವೂ ಆ ಒಂದೇ ದಾರಿಯಲ್ಲಿ ಸಾಗಬೇಕಾಗುತ್ತದೆ. ಅಧಿಕಾರ ಕುಟುಂಬದಲ್ಲಿ ಉಳಿಯುತ್ತದೆ. ಪ್ರಶ್ನೆ ಕೇಳುವುದು ಕೃತಘ್ನತೆಯಂತೆ ಕಾಣತೊಡಗುತ್ತದೆ. ಸ್ವಾತಂತ್ರ್ಯ ಹೋರಾಟದ ನಾಯಕರನ್ನೇ ನೆಚ್ಚಿಕೊಂಡು ಸಂಸ್ಥೆಗಳನ್ನು ಕಟ್ಟದೆ ಉಳಿದ ಏಷ್ಯಾ, ಆಫ್ರಿಕಾದ ಅನೇಕ ದೇಶಗಳು ಇದೇ ಪಾಠ ಕಲಿತವು.

ಹಾಸನದ ಮತದಾರ ಕುರುಡನಲ್ಲ. 1989ರಲ್ಲಿ ಹೊಳೆನರಸೀಪುರವೂ 1999ರಲ್ಲಿ ಹಾಸನ ಲೋಕಸಭಾ ಕ್ಷೇತ್ರವೂ ದೇವೇಗೌಡರನ್ನೇ ಸೋಲಿಸಿದವು. ಎರಡೂ ಸಲ ಗೆದ್ದವರು ಜಿ. ಪುಟ್ಟಸ್ವಾಮಿಗೌಡ. 2024ರ ಲೋಕಸಭಾ ಚುನಾವಣೆಯಲ್ಲಿ ಅವರ ಮೊಮ್ಮಗ ಶ್ರೇಯಸ್ ಪಟೇಲ್, ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರನ್ನು 42 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಎರಡು ಮನೆಗಳ ನಡುವಿನ ಸ್ಪರ್ಧೆ ಮೂರನೆಯ ತಲೆಮಾರಿಗೂ ಮುಂದುವರಿದಿದೆ ಎಂಬುದನ್ನೂ ಗಮನಿಸಬೇಕು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ, ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆ. ಆದರೆ ಕೂಲಿಯ ಹೆಣ್ಣುಮಗಳೊಬ್ಬಳು ಇಷ್ಟು ದೊಡ್ಡ ಅಧಿಕಾರದ ಎದುರು ಸಾಕ್ಷಿ ನುಡಿದು ನಿಂತದ್ದು ಈ ಸೀಮೆಯ ಪ್ರಜಾಪ್ರಭುತ್ವದ ಇತಿಹಾಸದಲ್ಲಿ ದಾಖಲಾಗಬೇಕಾದ ಘಟನೆ.

ಇದೇ ಜಿಲ್ಲೆಯಿಂದ ಬೇರೆ ಬಗೆಯ ರಾಜಕಾರಣವೂ ಬಂದಿದೆ. ಅರಕಲಗೂಡಿನ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಭೂಮಿ ಒತ್ತುವರಿಯನ್ನು 2006–07ರಲ್ಲಿ ಬಯಲಿಗೆಳೆಯಿತು. ಉಪಕಾರಕ್ಕಿಂತ ಸಾರ್ವಜನಿಕ ಹಿತವೇ ದೊಡ್ಡದೆಂದು ಶಾಸಕನೊಬ್ಬ ಕೆಲಸ ಮಾಡಬಹುದು ಎಂಬುದಕ್ಕೆ ಅದು ನಿದರ್ಶನ.

ಜಾತಿ, ಹೆಣ್ಣು, ವಲಸೆ

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ಊರ ದೇವಸ್ಥಾನ ಪ್ರವೇಶಿಸಿದ್ದಕ್ಕೆ ದಂಡ ಹಾಕಿದ ಸುದ್ದಿ ರಾಜ್ಯದಾದ್ಯಂತ ಕೇಳಿಸಿತು. ಒಳಗೆ ಹೋದವರು ಸ್ತ್ರೀಶಕ್ತಿ ಸಂಘಗಳಲ್ಲಿ ಲೆಕ್ಕ ಬರೆಯುವುದನ್ನು ಕಲಿತ ತಲೆಮಾರಿನ ಹೆಂಗಸರು. ಆರ್ಥಿಕವಾಗಿ ಒಂದು ಹೆಜ್ಜೆ ಮುಂದಿಟ್ಟವರನ್ನು ಸಾಮಾಜಿಕ ಬೇಲಿ ತಡೆದು ನಿಲ್ಲಿಸಿತು. ನೀರಾವರಿಯಿಂದ ಆದಾಯ ಬಂದ ಮಾತ್ರಕ್ಕೆ ಊರು ಎಲ್ಲರದ್ದಾಗುವುದಿಲ್ಲ.

2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಹತ್ತು ವರ್ಷದಲ್ಲಿ ಏರಿದ್ದು ಶೇ 3ರಷ್ಟು ಮಾತ್ರ. ಸಾವಿರ ಗಂಡಸರಿಗೆ 1,010 ಹೆಂಗಸರು. ಹೆಣ್ಣು ಶಿಶುಗಳನ್ನು ಉಳಿಸಿಕೊಳ್ಳುವಲ್ಲಿ ಜಿಲ್ಲೆಯ ಸ್ಥಿತಿ ಉತ್ತಮ ಎಂಬುದು ಇದರ ಒಂದು ಮುಖ. ದುಡಿಯುವ ಗಂಡಸರು ಊರು ಬಿಟ್ಟಿದ್ದಾರೆ ಎಂಬುದು ಇನ್ನೊಂದು ಮುಖ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಇಷ್ಟು ಚೆನ್ನಾಗಿ ಓದಿಸುವ ಜಿಲ್ಲೆ ಓದಿದವರನ್ನು ಉಳಿಸಿಕೊಳ್ಳಲಾರದು. ಹಾಸನದ ಜವಳಿ ವಿಶೇಷ ಆರ್ಥಿಕ ವಲಯದಲ್ಲಿ ಕೆಲಸವಿದೆ, ಆದರೆ ಅದು ಬಹುಪಾಲು ಕಡಿಮೆ ಸಂಬಳದ ದುಡಿಮೆ. 2007ರಲ್ಲಿ ಶಂಕುಸ್ಥಾಪನೆಯಾದ ವಿಮಾನ ನಿಲ್ದಾಣದ ಕಾಮಗಾರಿ ಸರ್ಕಾರದಿಂದ ಸರ್ಕಾರಕ್ಕೆ ದಾಟುತ್ತಲೇ ಬಂದಿದೆ. 2017ರಲ್ಲಿ ಶ್ರವಣಬೆಳಗೊಳ ಮಾರ್ಗದ ರೈಲು ಹಾಸನವನ್ನು ಬೆಂಗಳೂರಿಗೆ ನೇರವಾಗಿ ಜೋಡಿಸಿತು. ಒಳ್ಳೆಯದೇ. ಆದರೆ ಆ ರೈಲಿನಲ್ಲಿ ಹೋಗುವ ಯುವಕರಷ್ಟೇ ಬರುವ ಉದ್ಯಮಗಳೂ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬಂಡಾಯ ಚಳವಳಿಯ ಕಾಲದಿಂದ ಅವರು ಬರೆದದ್ದು ತೀರ್ಮಾನದಲ್ಲಿ ಪಾಲಿಲ್ಲದ ಹೆಂಗಸರ ಬದುಕನ್ನೇ. ಈ ಸೀಮೆಯ ಪ್ರಶ್ನೆಯನ್ನು ಜಗತ್ತು ಕೇಳಿಸಿಕೊಂಡಿದೆ. ಕೇಳಿಸಿಕೊಳ್ಳಬೇಕಾದವರು ಇಲ್ಲೇ ಇದ್ದಾರೆ.

ಮುಚ್ಚಿದ ಸಭಾಂಗಣ

ತೀರ್ಮಾನವನ್ನು ಕೆಳಗಿಳಿಸುವ ಪ್ರಯತ್ನ ಕರ್ನಾಟಕದಲ್ಲಿ ನಡೆದೇ ಇಲ್ಲ ಎನ್ನಲಾಗದು. ಅಬ್ದುಲ್ ನಜೀರ್‌ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು, ಮಹಿಳೆಯರಿಗೆ ಶೇ 25 ಮೀಸಲಾತಿ ಬಂತು. ದೇಶವೇ ಆ ಕಡೆ ನೋಡಿತು. 1993ರ ಪಂಚಾಯತ್ ರಾಜ್ ಕಾಯ್ದೆ ರಚನೆಯನ್ನು ಉಳಿಸಿತು, ಹಣ ಮತ್ತು ಅಧಿಕಾರವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂಬ ಕಾರಣಗಳಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಹಾಸನದ ಜಿಲ್ಲಾ ಪಂಚಾಯಿತಿಯಲ್ಲಿ ಜನರ ಪ್ರತಿನಿಧಿಗಳ ಬದಲು ಆಡಳಿತಾಧಿಕಾರಿ ಕೂತರು. ಕಮಿಷನರ್ ಆಡಳಿತದ ಕಾಲವನ್ನು ಓದಿದವರಿಗೆ ಇದು ಎಚ್ಚರಿಕೆಯ ಗಂಟೆ. ಇದರಲ್ಲಿ ಒಂದೇ ಪಕ್ಷದ ತಪ್ಪಿಲ್ಲ. ಆ ವರ್ಷಗಳಲ್ಲಿ ಆಳಿದ ಎಲ್ಲರೂ ಇದಕ್ಕೆ ಹೊಣೆ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಆ ವರದಿಯ ದೊಡ್ಡ ಕೊಡುಗೆಯೆಂದರೆ ಅಭಿವೃದ್ಧಿಯನ್ನು ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಡದೆ ತಾಲ್ಲೂಕಿನ ಮಟ್ಟದಲ್ಲಿ ಅಳೆದದ್ದು. ಅಳತೆ ತಾಲ್ಲೂಕಿಗೆ ಇಳಿಯಿತು, ಅಧಿಕಾರ ಇಳಿಯಲಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ಕಾಲಕಾಲಕ್ಕೆ ತಪ್ಪದೆ ನಡೆಯಬೇಕು, ಅವುಗಳ ಕೈಗೆ ನಿಬಂಧನೆಯಿಲ್ಲದ ಅನುದಾನ ಬರಬೇಕು. ಹೇಮಾವತಿ ನಾಲೆಗಳ ನೀರು ಹಂಚಿಕೆಯ ಸಮಿತಿಯಲ್ಲಿ ಕೊನೆ ಭಾಗದ ಬಳಕೆದಾರರ ಸಂಘಗಳಿಗೆ ಮತ ಇರಬೇಕು, ವೇಳಾಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಮುಂಚಿತವಾಗಿ ಕಾಣಬೇಕು. ಬಗರ್ ಹುಕುಂ ಸಕ್ರಮದ ತೀರ್ಮಾನ ಶಾಸಕರ ಅಧ್ಯಕ್ಷತೆಯಿಂದ ಹೊರಬಂದು, ಗ್ರಾಮಸಭೆಯ ಎದುರು ದಾಖಲೆ ಓದಿ ಆಗಬೇಕು. ಮುಳುಗಡೆ ಮತ್ತು ಸುರಂಗ ಸಂತ್ರಸ್ತರ ಕಡತಗಳಿಗೆ ಗಡುವು ಬೇಕು. ಆಲೂಗಡ್ಡೆ ಬೀಜ, ಕೊಬ್ಬರಿ ಸಂಸ್ಕರಣೆ, ತಂಬಾಕಿಗೆ ಬದಲಿ ಬೆಳೆಯ ಮಾರುಕಟ್ಟೆ ಇವುಗಳನ್ನು ಹಾಲಿನ ಸಹಕಾರದ ಮಾದರಿಯಲ್ಲಿ ಬೆಳೆಗಾರರೇ ಕಟ್ಟಬೇಕು, ಸರ್ಕಾರ ಬಂಡವಾಳ ಕೊಟ್ಟು ಪಕ್ಕಕ್ಕೆ ನಿಲ್ಲಬೇಕು. ಈ ಎಲ್ಲ ಸಮಿತಿ, ಸಂಘಗಳಲ್ಲಿ ದಲಿತರಿಗೂ ಹೆಂಗಸರಿಗೂ ಸಹಿ ಹಾಕುವ ಅಧಿಕಾರದ ಸ್ಥಾನಗಳು ಸಿಗಬೇಕು.

ಇದಕ್ಕೆ ಹೊಸ ಅಣೆಕಟ್ಟು ಬೇಕಿಲ್ಲ, ಇನ್ನೊಬ್ಬ ಪ್ರಧಾನಿಯೂ ಬೇಕಿಲ್ಲ. ನಾಲ್ಕು ತಾಲ್ಲೂಕುಗಳ ಮತದಾರರು ಮುಂದಿನ ಸಲ ಮತ ಕೇಳಲು ಬಂದವರನ್ನು ನಮಗೇನು ಕೊಡುತ್ತೀರಿ ಎಂದು ಕೇಳುವ ಬದಲು, ಯಾವ ತೀರ್ಮಾನವನ್ನು ನಮ್ಮ ಕೈಗೆ ಬಿಡುತ್ತೀರಿ ಎಂದು ಕೇಳಲಿ. ಬಂದ ಉತ್ತರವನ್ನು ಬರೆದಿಟ್ಟುಕೊಳ್ಳಲಿ, ಐದು ವರ್ಷದ ನಂತರ ಅದೇ ಬರಹ ಹಿಡಿದು ಲೆಕ್ಕ ಕೇಳಲಿ.